ಬಿಸಿನೆಸ್ ಮಾಡ್ತೀನಿ ಅನ್ನೋ ಹುಡುಗನಿಗೆ ಬಿಬಿಎ ಯಾಕೆ?

ಪಿಯುಸಿ ರಿಸಲ್ಟ್ ಬಂದ ವಾರ ಸುಮಾರು ಮನೆಗಳಲ್ಲಿ ಈ ಮಾತು ನಡೆಯುತ್ತದೆ. "ಇವನಿಗೆ ಕೆಲಸಕ್ಕೆ ಹೋಗೋ ಮನಸ್ಸಿಲ್ಲ, ಸ್ವಂತ ಬಿಸಿನೆಸ್ ಮಾಡ್ತಾನಂತೆ. ಹಂಗಾದ್ರೆ ಬಿಬಿಎಗೆ ಹಾಕಿಬಿಡೋಣ." ಕೋರ್ಸಿನ ಹೆಸರಲ್ಲೇ ಬಿಸಿನೆಸ್ ಇದೆಯಲ್ಲ!

ಬಿಬಿಎ ಕೆಟ್ಟ ಓದು ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಇನ್ನೊಬ್ಬರ ಬಿಸಿನೆಸ್ ನಡೆಸಿಕೊಡುವವರ ಓದು. ಮಾನವ ಸಂಪನ್ಮೂಲ, ಸಾಂಸ್ಥಿಕ ವರ್ತನೆ, ಬ್ರಾಂಡ್ ಮ್ಯಾನೇಜ್‌ಮೆಂಟ್ ಇವೆಲ್ಲ ನೂರಾರು ನೌಕರರಿರುವ ಕಂಪನಿಗೆ ಬೇಕಾದ ವಿಷಯಗಳು. ನಿಮ್ಮ ಕಂಪನಿಯಲ್ಲಿ ಮೊದಲ ಮೂರು ವರ್ಷ ಇರುವುದು ನೀವು, ಒಬ್ಬ ಸಹಾಯಕ, ಮತ್ತು ಸಮಯ ನೋಡಿ ಕೈಕೊಡುವ ಒಂದು ಮೋಟರ್. ಆಗ ಬೇಕಾಗುವುದು ಎರಡೇ: ಮಾಡುವ ವಸ್ತುವಿನ ಕಸುಬು ಮತ್ತು ಲೆಕ್ಕ. ಇವೆರಡನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವಷ್ಟು ದುಡ್ಡು ಆರಂಭದಲ್ಲಿ ಯಾರ ಹತ್ತಿರವೂ ಇರುವುದಿಲ್ಲ. ಹಾಗಾಗಿ ಓದುವ ವರ್ಷಗಳನ್ನು ಇವೆರಡಕ್ಕೇ ಹಾಕಬೇಕು ಅನ್ನುವುದು ನನ್ನ ವಾದ.

ಸಾಲ ಕೊಡುವವರು ಏನು ಓದು ಕೇಳುತ್ತಾರೆ ಅಂತ ಮೊದಲು ನೋಡಿ. ಸ್ವಂತ ಘಟಕ ಹಾಕುವವರಿಗೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಪಿಎಂಇಜಿಪಿಯ 2022ರ ಪರಿಷ್ಕೃತ ನಿಯಮದಲ್ಲಿ ತಯಾರಿಕಾ ಘಟಕದ ಯೋಜನಾ ವೆಚ್ಚ 50 ಲಕ್ಷದವರೆಗೆ, ಸೇವಾ ಘಟಕದ್ದು 20 ಲಕ್ಷದವರೆಗೆ ಇರಬಹುದು. ವಯಸ್ಸು 18 ದಾಟಿರಬೇಕು. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ಮೀರಿದರೆ ಬೇಕಾದ ವಿದ್ಯಾರ್ಹತೆ ಎಂಟನೇ ಕ್ಲಾಸ್ ಪಾಸ್. ಅದರೊಳಗಿನ ಮೊತ್ತಕ್ಕೆ ಅದೂ ಬೇಡ. ಸಾಮಾನ್ಯ ವರ್ಗದವರು ಕೈಯಿಂದ ಶೇ. 10 ಹಾಕಬೇಕು. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಅಂಗವಿಕಲರು, ಮಾಜಿ ಸೈನಿಕರಿಗೆ ಶೇ. 5 ಸಾಕು. ಸಬ್ಸಿಡಿ ಹಳ್ಳಿಯಲ್ಲಾದರೆ ಸಾಮಾನ್ಯ ವರ್ಗಕ್ಕೆ ಶೇ. 25, ಉಳಿದವರಿಗೆ ಶೇ. 35. ಪಟ್ಟಣದಲ್ಲಿ ಶೇ. 15 ಮತ್ತು 25.

ಇಲ್ಲಿ ತುಂಬ ಜನ ಎಡವುತ್ತಾರೆ. ಸಬ್ಸಿಡಿ ಅಂದರೆ ಕೈಗೆ ಬರುವ ದುಡ್ಡು ಅಂದುಕೊಂಡು ಖರ್ಚಿನ ಪ್ಲಾನ್ ಹಾಕಿಬಿಡುತ್ತಾರೆ. ಅದು ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂತಿದ್ದು, ಘಟಕ ನಡೆಯುತ್ತಿದೆ ಅಂತ ಪರಿಶೀಲನೆ ಆದಮೇಲೆ ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಬಾಗಿಲು ಹಾಕಿದರೆ ಅದೂ ಹೋಯಿತು.

ಈಗ ಫೀಸಿಗೆ ಬನ್ನಿ. ಖಾಸಗಿ ಕಾಲೇಜಿನ ಬಿಬಿಎಗೆ ವರ್ಷಕ್ಕೆ ಒಂದೂವರೆ ಲಕ್ಷ ಅಂತ ಇಟ್ಟುಕೊಂಡರೂ ಮೂರು ವರ್ಷಕ್ಕೆ ನಾಲ್ಕೂವರೆ ಲಕ್ಷ. ಸಾಮಾನ್ಯ ವರ್ಗದವರಿಗೆ ಇದು 45 ಲಕ್ಷದ ಘಟಕಕ್ಕೆ ಕೈಯಿಂದ ಹಾಕಬೇಕಾದ ಪಾಲು. (ಮೊದಲ ಸಲಕ್ಕೇ 45 ಲಕ್ಷದ ಸಾಹಸಕ್ಕೆ ಕೈಹಾಕಿ ಅಂತ ಹೇಳುತ್ತಿಲ್ಲ, ಲೆಕ್ಕಕ್ಕೆ ಹೇಳಿದೆ.) ಮೇಲೆ ಎಂಬಿಎ ಬೇರೆ ಮಾಡಿ 10 ಲಕ್ಷ ಶಿಕ್ಷಣ ಸಾಲ ಮಾಡಿಕೊಂಡರೆ, ಶೇ. 10.5 ಬಡ್ಡಿ, ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 13,500 ರೂಪಾಯಿ. ಅಂಗಡಿ ತೆರೆಯುವ ಮೊದಲೇ ಇನ್ನೊಂದು ಅಂಗಡಿಯ ಬಾಡಿಗೆ ಕಟ್ಟಿದ ಹಾಗೆ. ಒಂದು ಕಂತು ತಪ್ಪಿದರೂ ಸಿಬಿಲ್ ಸ್ಕೋರ್ (ಸಾಲ ತೀರಿಸುವ ಶಿಸ್ತಿಗೆ ಸಿಗುವ ಅಂಕ) ಬೀಳುತ್ತದೆ, ಬಿಸಿನೆಸ್ ಸಾಲದ ಅರ್ಜಿ ಅಲ್ಲೇ ನಿಲ್ಲಬಹುದು.

ಲೆಕ್ಕ ಗೊತ್ತಿರಬೇಕು ಅಂದರೆ ಏನು ಅಂತ ಒಂದು ಉದಾಹರಣೆ ಹಿಡಿದು ನೋಡೋಣ. ಈಗ ಊರೂರಲ್ಲಿ ಎದ್ದಿರುವ ಮರದ ಗಾಣವನ್ನೇ ತೆಗೆದುಕೊಳ್ಳಿ. ಶೇಂಗಾ ಬೀಜ ಕೊಳ್ಳುವುದು ಕೆಜಿಯಲ್ಲಿ, ಎಣ್ಣೆ ಮಾರುವುದು ಲೀಟರಿನಲ್ಲಿ. ಒಂದು ಲೀಟರ್ ಶೇಂಗಾ ಎಣ್ಣೆಯ ತೂಕ ಸುಮಾರು 910 ಗ್ರಾಂ. ನೂರು ಕೆಜಿ ಬೀಜಕ್ಕೆ 40 ಕೆಜಿ ಎಣ್ಣೆ ಇಳಿದರೆ ಅದು 44 ಲೀಟರ್ ಆಗುತ್ತದೆ. ಈ ವ್ಯತ್ಯಾಸ ತಿಳಿಯದೆ ರೇಟು ಕಟ್ಟಿದವರು ಶುರುವಿನಲ್ಲೇ ಶೇ. 9ರಷ್ಟು ತಪ್ಪಿರುತ್ತಾರೆ.

ಬೀಜ ಕೆಜಿಗೆ 120 ರೂಪಾಯಿ ಅಂತಿಟ್ಟುಕೊಳ್ಳಿ. ಇಳುವರಿ ಶೇ. 40 ಇದ್ದರೆ ಒಂದು ಲೀಟರಿಗೆ 2.275 ಕೆಜಿ ಬೀಜ ಬೇಕು, 273 ರೂಪಾಯಿ. ಹಿಂಡಿ 1.36 ಕೆಜಿ ಉಳಿಯುತ್ತದೆ, ಕೆಜಿಗೆ 40ರಂತೆ 54 ರೂಪಾಯಿ ವಾಪಸ್. ಅಲ್ಲಿಗೆ 219. ಬಾಟಲಿ, ಮುಚ್ಚಳ, ಲೇಬಲ್, ಡಬ್ಬ ಸೇರಿ 20, ಕೂಲಿ-ಕರೆಂಟಿಗೆ 20 ಹಾಕಿ, 259 ಆಯಿತು. ಎಂಆರ್‌ಪಿ 360 ಅಂತ ಅಚ್ಚು ಹಾಕಿಸಿ ಅಂಗಡಿಗೆ ಕೊಟ್ಟರೆ ಅವರು ಶೇ. 20 ಹಿಡಿಯುತ್ತಾರೆ, ನಿಮಗೆ ಬರುವುದು 288. ಜಿಎಸ್‌ಟಿ ನೋಂದಣಿ ಆಗಿದ್ದರೆ ಅದರೊಳಗೇ ಶೇ. 5 ತೆರಿಗೆ, ಉಳಿದದ್ದು 274. ಅಂದರೆ ಲೀಟರಿಗೆ 15 ರೂಪಾಯಿ. ಬಾಡಿಗೆ, ಬಡ್ಡಿ, ಡೆಲಿವರಿ, ಸೋರಿದ ಬಾಟಲಿ, ನೆಂಟರಿಗೆ ಕೊಟ್ಟ ಸ್ಯಾಂಪಲ್ ಎಲ್ಲ ಈ ಹದಿನೈದರಲ್ಲೇ ಬರಬೇಕು. ಅದೇ ಬಾಟಲಿಯನ್ನು ಗಾಣದ ಬಾಗಿಲಲ್ಲೇ ಗಿರಾಕಿಗೆ ಮಾರಿದರೆ 84 ಉಳಿಯುತ್ತದೆ. ಎಣ್ಣೆ ಅದೇ, ಗಾಣ ಅದೇ, ಎಲ್ಲಿ ಮಾರಿದಿರಿ ಅನ್ನುವುದಷ್ಟೇ ಬದಲಾದದ್ದು.

ಇನ್ನು ಕಸುಬು ಎಲ್ಲಿ ಬರುತ್ತದೆ? ಆ ಶೇ. 40ರಲ್ಲಿ. ಬೀಜ ಸರಿಯಾಗಿ ಒಣಗಿಲ್ಲದಿದ್ದರೆ, ಜೊಳ್ಳು ಹೆಚ್ಚಿದ್ದರೆ ಇಳುವರಿ 36ಕ್ಕೆ ಇಳಿಯುತ್ತದೆ. ಆಗ ಲೀಟರಿಗೆ 2.53 ಕೆಜಿ ಬೀಜ, ಹೆಚ್ಚುವರಿ ಖರ್ಚು 30 ರೂಪಾಯಿ. ಹೆಚ್ಚಿಗೆ ಉಳಿದ ಹಿಂಡಿಯಿಂದ ಹತ್ತು ವಾಪಸ್ ಬಂದರೂ ಮೇಲಿನ 15 ಹೋಗಿ ಕೈಯಿಂದ ಐದು ಸೇರಿಸಿದ ಹಾಗೆ. ಬೂಸ್ಟು ಹಿಡಿದ ಬೀಜ ಒಂದು ಮೂಟೆ ಸೇರಿದರೆ ರುಚಿಯಷ್ಟೇ ಕೆಡುವುದಿಲ್ಲ, ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರಬಹುದು, ಲ್ಯಾಬ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ. ಮುಷ್ಟಿಯಲ್ಲಿ ಬೀಜ ಹಿಡಿದು, ಎರಡು ಹೋಳು ಮಾಡಿ ನೋಡಿ ರೇಟು ಹೇಳುವವರು ಚಳ್ಳಕೆರೆ ಮಾರುಕಟ್ಟೆಯಲ್ಲಿ ಸಿಗುತ್ತಾರೆ. ಅಲ್ಲಿ ಒಂದು ಸೀಸನ್ ಹಮಾಲರ ಜೊತೆ ನಿಂತರೆ ಸಿಗುವ ತಿಳಿವಳಿಕೆ ಯಾವ ಸೆಮಿಸ್ಟರಿನಲ್ಲೂ ಇಲ್ಲ.

ಇನ್ನೊಂದು ಗುಂಡಿ ಪ್ರಾಜೆಕ್ಟ್ ರಿಪೋರ್ಟಿನಲ್ಲೇ ಇರುತ್ತದೆ. ಅದರಲ್ಲಿ ಮೆಷಿನ್‌ಗೆ ಮೂರು ಲಕ್ಷ, ಶೆಡ್, ತ್ರೀ-ಫೇಸ್ ಕರೆಂಟು ಎಲ್ಲ ಬರೆದಿರುತ್ತಾರೆ, ಬೀಜದ ದಾಸ್ತಾನು ಮರೆತಿರುತ್ತಾರೆ. 20 ಕೆಜಿಯ ಒಂದು ಗಾಣ ದಿನಕ್ಕೆ ಐದು ಸಲ ತಿರುಗಿದರೆ 100 ಕೆಜಿ ಬೀಜ ತಿನ್ನುತ್ತದೆ. ತಿಂಗಳಿಗೆ ಎರಡೂವರೆ ಟನ್, ಮೂರು ಲಕ್ಷ ರೂಪಾಯಿ. ಸುಗ್ಗಿಯಲ್ಲಿ ಅಗ್ಗಕ್ಕೆ ಸಿಕ್ಕಾಗ ನಾಲ್ಕು ತಿಂಗಳಿಗೆ ಹಿಡಿದಿಡಬೇಕು ಅಂದರೆ 12 ಲಕ್ಷ. ಮೆಷಿನ್ನಿನ ನಾಲ್ಕರಷ್ಟು! ಗಾಣ ಹಾಕಿ ಆರು ತಿಂಗಳಿಗೆ ಬಡ್ಡಿ ಸಾಲಕ್ಕೆ ಓಡುವುದು ಇದಕ್ಕೇ.

ಈ ಲೆಕ್ಕ ಯಾವ ಓದಿನಲ್ಲಿ ಬರುತ್ತದೆ? ಪಿಯುಸಿ ಕಾಮರ್ಸಿನ ಅಕೌಂಟೆನ್ಸಿಯಲ್ಲಿ ಅಡಿಪಾಯ, ಬಿಕಾಂನ ಕಾಸ್ಟ್ ಅಕೌಂಟಿಂಗಿನಲ್ಲಿ ಮುಖ್ಯ ಭಾಗ. ಪಿಯು ಕಾಮರ್ಸಿನಲ್ಲಿ ಕಂಪ್ಯೂಟರ್ ಸೈನ್ಸ್ ಇರುವ ಸಿಇಬಿಎ ಸಿಗಲಿಲ್ಲ, ಇತಿಹಾಸ ಇರುವ ಎಚ್‌ಇಬಿಎ ಸಿಕ್ಕಿತು ಅಂತ ಅಳುವ ಮಕ್ಕಳಿದ್ದಾರೆ. ಬಿಸಿನೆಸ್ ಮಾಡುವವರಿಗೆ ಆ ವ್ಯತ್ಯಾಸ ಏನೂ ಅಲ್ಲ, ಕೊನೆಯ ಎರಡು ಅಕ್ಷರ, ಅಂದರೆ ಬಿಸಿನೆಸ್ ಸ್ಟಡೀಸ್ ಮತ್ತು ಅಕೌಂಟೆನ್ಸಿ ಇದ್ದರೆ ಸಾಕು. ಸೈನ್ಸ್ ಓದಿದವರೂ ಹೆದರಬೇಕಿಲ್ಲ, ಜಮಾ-ಖರ್ಚು, ದಾಸ್ತಾನು, ಬಾಕಿ ಪಟ್ಟಿ ಬರೆಯುವುದನ್ನು ಆರು ತಿಂಗಳಲ್ಲಿ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೂತು ಕಲಿಯಬಹುದು. ಅಲ್ಲಿ ಸಂಬಳ ಕಡಿಮೆ, ಬೈಗುಳ ಜಾಸ್ತಿ. ಆದರೂ ಐವತ್ತು ಬಗೆಯ ವ್ಯಾಪಾರದ ಒಳಹೊರಗು ಒಂದೇ ಮೇಜಿನ ಮೇಲೆ ಬಂದು ಬೀಳುವ ಜಾಗ ಅದೊಂದೇ.

ಲೆಕ್ಕ ಬರೆಯದಿದ್ದರೆ ಏನಾಗುತ್ತದೆ ಅನ್ನುವುದನ್ನು 2025ರ ಜುಲೈನಲ್ಲಿ ನಾಡೇ ನೋಡಿತು. ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು, ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ಕ್ಯಾಶ್ ಮಾತ್ರ ಅಂತ ಚೀಟಿ ಅಂಟಿಸಿದರು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರಿದವರಿಗೂ ನೋಟಿಸ್ ಹೋಗಿತ್ತು. ಇಲಾಖೆಯ ಆತುರ ಸರಿ ಅಂತ ನಾನು ಹೇಳಲಾರೆ. ಆದರೆ ಯಾವ ಜಮೆ ವ್ಯಾಪಾರದ್ದು, ಯಾವುದು ಭಾವ ಕೊಟ್ಟ ಕೈಸಾಲ ಅಂತ ತೋರಿಸುವ ಪುಸ್ತಕ ಇದ್ದವರಿಗೆ ಉತ್ತರ ಬರೆಯುವುದು ಒಂದು ಸಂಜೆಯ ಕೆಲಸ. ವಸ್ತು ಮಾರಾಟಕ್ಕೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಮೇಲಿನ ಗಾಣ ದಿನಕ್ಕೆ 44 ಲೀಟರಿನಂತೆ 300 ದಿನ ತಿರುಗಿ, ಲೀಟರಿಗೆ ಸರಾಸರಿ 300 ಸಿಕ್ಕರೆ 39 ಲಕ್ಷ 60 ಸಾವಿರ. ಮಿತಿಯೊಳಗಿದ್ದೇನೆ ಅಂತ ನಿದ್ದೆ ಮಾಡಬೇಡಿ. ಹಿಂಡಿ ಮಾರಿದ ದುಡ್ಡೂ ಸೇರುತ್ತದೆ.

ಕಸುಬಿನ ಓದು ಬೇರೆ ಬೇರೆ ಕಡೆ ಇದೆ. ಯಂತ್ರದ ಕೆಲಸ ಮಾಡುವ ಆಸೆ ಇದ್ದರೆ ಎಸ್ಸೆಸ್ಸೆಲ್ಸಿ ಆದಮೇಲೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ (ಅಚ್ಚು, ಉಪಕರಣ ತಯಾರಿಕೆ) ಡಿಪ್ಲೊಮಾ ನೋಡಿ, ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸ್ವಂತ ಶೆಡ್ ಹಾಕಬೇಕು ಅನ್ನುವವರಿಗೆ ಸಾಧಾರಣ ಕಾಲೇಜಿನ ಬಿಇಗಿಂತ ಇದೇ ವಾಸಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಬಿಇ ಬೇಕೇ ಬೇಕು ಅಂದರೆ ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ ಸೇರುವ ದಾರಿ ಇದ್ದೇ ಇದೆ.

ಅಲ್ಲೂ ಬೀಳುವುದು ಲೆಕ್ಕದಲ್ಲೇ. ಲೋಹ ಕೊರೆದು ಬಿಡಿಭಾಗ ಮಾಡುವ ಕಂಪ್ಯೂಟರ್ ಚಾಲಿತ ವಿಎಂಸಿ ಮೆಷಿನ್ ಒಂದು, ಕಂತು 60 ಸಾವಿರ, ಎರಡು ಪಾಳಿಗೆ ಇಬ್ಬರು ಆಪರೇಟರ್ 50 ಸಾವಿರ, ಕರೆಂಟು-ಟೂಲು 15, ಬಾಡಿಗೆ 15, ತಿಂಗಳಿಗೆ 1 ಲಕ್ಷ 40 ಸಾವಿರ ಅನ್ನಿ. 25 ದಿನ, ದಿನಕ್ಕೆ 16 ಗಂಟೆ, ಒಟ್ಟು 400 ಗಂಟೆ. ಭಾಗಿಸಿ ಗಂಟೆಗೆ 350 ಅಂತ ರೇಟು ಕೋಟ್ ಮಾಡುತ್ತಾರೆ. ಆದರೆ ಸೆಟ್ಟಿಂಗ್, ಕರೆಂಟ್ ಹೋದದ್ದು, ಆಪರೇಟರ್ ಹಬ್ಬಕ್ಕೆ ಊರಿಗೆ ಹೋದದ್ದು ಎಲ್ಲ ಕಳೆದರೆ ಮೆಷಿನ್ ಓಡುವುದು 280 ಗಂಟೆ. ನಿಜವಾದ ಖರ್ಚು ಗಂಟೆಗೆ 500. ಪ್ರತಿ ಗಂಟೆಗೆ ನೂರೈವತ್ತು ಕೈಯಿಂದ ಹಾಕಿ, ಆರ್ಡರ್ ತುಂಬ ಇದೆ ಅಂತ ಖುಷಿಯಲ್ಲಿರುತ್ತಾರೆ.

ತಿಂಡಿ-ತಿನಿಸಿನ ಕಡೆ ಹೋಗುವವರಿಗೆ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಅಲ್ಪಾವಧಿ ತರಬೇತಿಗಳಿವೆ, ಹೆಬ್ಬಾಳದ ಕೃಷಿ ವಿವಿಯಲ್ಲಿ ಬೇಕರಿ ತರಬೇತಿ ಇದೆ. ಏನು ಮಾಡಬೇಕು ಅಂತಲೇ ತೀರ್ಮಾನ ಆಗಿಲ್ಲದವರು 18 ತುಂಬಿದ ಮೇಲೆ ಸ್ವ ಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಅಥವಾ ಜಿಲ್ಲೆಯ ಆರ್‌ಸೆಟಿ ಬಾಗಿಲು ತಟ್ಟಲಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ ಮಾದರಿಯೇ ಮುಂದೆ ದೇಶದ ಜಿಲ್ಲೆಗಳಿಗೆಲ್ಲ ಹೋಯಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಉಚಿತ ಅಂದಕೂಡಲೇ ಪೇಟೆಯ ಪೋಷಕರಿಗೆ ತಾತ್ಸಾರ, ಅದು ಬೇರೆ ಕಥೆ.

ಡಿಗ್ರಿ ಬೇಡವೇ ಬೇಡ ಅನ್ನುವವನು ನಾನಲ್ಲ. ಬಿಸಿನೆಸ್ ಬಿದ್ದರೆ ಕೆಲಸಕ್ಕೆ ಬೇಕು, ಹೆಣ್ಣು ನೋಡಲು ಹೋದಾಗಲೂ ಬೇಕು, ಇದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಮೋಸ. ಆದರೆ ಡಿಗ್ರಿಗೆ ಹಗಲಿಡೀ ಕೊಡಬೇಕಿಲ್ಲ. ಮೈಸೂರಿನ ಮುಕ್ತ ವಿವಿಯಲ್ಲಿ ಅಥವಾ ಇಗ್ನೋದಲ್ಲಿ ಬಿಕಾಂ ಕಟ್ಟಿ, ಹಗಲು ಕಸುಬು ಕಲಿಯಬಹುದು. ಕಾಲೇಜಿಗೇ ಸೇರುವುದಾದರೆ ಮನೆ ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿಕಾಂ ಸಾಕು. 2024ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ, ನಾಲ್ಕನೇ ವರ್ಷದ ಗೊಂದಲವೂ ಇಲ್ಲ.

ಗಾಣವನ್ನೇ ಮಾಡುವ ಹುಡುಗಿಯೋ ಹುಡುಗನೋ ಆದರೆ ವರ್ಷ ಹೀಗೆ ಕಟ್ಟಬಹುದು. ರಿಸಲ್ಟ್ ಬಂದಮೇಲೆ ಜುಲೈ ಸರದಿಯಲ್ಲಿ ಮುಕ್ತ ವಿವಿಯ ಬಿಕಾಂಗೆ ಸೇರುವುದು. ಮಳೆಗಾಲದಲ್ಲಿ ಯಾವುದಾದರೂ ಗಾಣದಲ್ಲಿ ಕೂಲಿಗೆ ನಿಲ್ಲುವುದು, ಯಾಕಂದರೆ ತೇವದ ಕಾಟ ಏನು ಅಂತ ತಿಳಿಯುವುದು ಆಗಲೇ. ಅಕ್ಟೋಬರ್‌ನಿಂದ ಹೊಸ ಶೇಂಗಾ ಮಾರುಕಟ್ಟೆಗೆ ಬರುತ್ತದೆ, ಆಗ ಚಳ್ಳಕೆರೆಗೆ ಹೋಗಿ ರೇಟು ಬರೆದಿಟ್ಟುಕೊಳ್ಳುವುದು, ಕೊಳ್ಳುವುದು ಬೇಡ. ಇಡೀ ವರ್ಷದ ರೇಟು ನೋಟ್‌ಬುಕ್ಕಿನಲ್ಲಿ ಬಂದಮೇಲೆ ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದು, ದಾಸ್ತಾನಿನ ಸಾಲು ಸೇರಿಸಿ. ಮೆಷಿನ್ ಮುಂದಿನ ಸುಗ್ಗಿಗೆ ಮೊದಲು, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಬಂದು ಕೂರಬೇಕು. ಫೆಬ್ರವರಿಯಲ್ಲಿ ಪೂಜೆ ಮಾಡಿ ಗಾಣ ಶುರು ಮಾಡಿದರೆ ಮೊದಲ ಮೂಟೆಯಿಂದಲೇ ದುಬಾರಿ ಬೀಜ.