ಸ್ಪ್ರಿಂಟ್‌ನಲ್ಲಿ ಐದರಲ್ಲೊಂದು ಪಾಲು ಖಾಲಿ ಬಿಡಬೇಕೇ?

ಪರ

ಪಟ್ಟಿ ಮಾಡಿಕೊಂಡ ಕೆಲಸವನ್ನು ಮುಗಿಸುವ ನಿಗದಿತ ಅವಧಿಯೇ ಸ್ಪ್ರಿಂಟ್. ಬೆಂಗಳೂರಿನ ನಮ್ಮ ಸಾಫ್ಟ್‌ವೇರ್ ತಂಡದಲ್ಲಿ ಆರು ಜನ, ಸ್ಪ್ರಿಂಟ್‌ಗೆ ಹತ್ತು ದಿನ. ಅಂದರೆ 60 ದಿನಗಳ ದುಡಿಮೆ ಎಂದು ಸಭೆಯಲ್ಲಿ ಲೆಕ್ಕ ಶುರುವಾಗುತ್ತದೆ. ಗಣೇಶನ ಹಬ್ಬ ಬಂದ ಸ್ಪ್ರಿಂಟ್‌ನಲ್ಲಿ ನಾನು ಪೆನ್ಸಿಲ್ ಹಿಡಿದು ಕುಳಿತೆ. ಹಬ್ಬದ ರಜೆಗೆ ಆರು ದಿನ ಹೋಯಿತು. ಹಬ್ಬಕ್ಕೆ ಸೇರಿಸಿ ಒಬ್ಬರು ಮೂರು ದಿನ ಊರಿಗೆ ಹೋದರು. ಸ್ಟ್ಯಾಂಡ್‌ಅಪ್ (ದಿನದ ಚಿಕ್ಕ ಸಭೆ), ಯೋಜನೆ, ಹಿನ್ನೋಟದ ಸಭೆಗಳಿಗೆಂದು ತಲೆಗೊಂದು ದಿನ, ಮತ್ತೆ ಆರು. ಉಳಿದದ್ದು 45. ಅಷ್ಟನ್ನೂ ಅಂಚಿನವರೆಗೆ ತುಂಬಿದೆವು. ಗುರುವಾರ ಸಂಜೆ ನಾಲ್ಕಕ್ಕೆ ಗ್ರಾಹಕರ ಪಾವತಿ ಪುಟ ಕೆಟ್ಟಿತು. ಇಬ್ಬರು ಶುಕ್ರವಾರವೂ ಅದರಲ್ಲೇ ಮುಳುಗಿದರು. ಅವರ ಕೋಡ್‌ಗಾಗಿ ಕಾದ ಪರೀಕ್ಷಕಿ ಸೋಮವಾರ ರಾತ್ರಿ ಹನ್ನೊಂದರವರೆಗೆ ಕುಳಿತರು.

ಖಾಲಿ ಬಿಡಿ ಎಂದರೆ ಸೋಮಾರಿತನ ಎನ್ನುವವರು ಸರದಿ ಸಾಲಿನ ಗಣಿತ ನೋಡಲಿ. ಕೆಲಸಗಳು ಹೇಳದೆ ಕೇಳದೆ ಬರುವಲ್ಲಿ, ಅತಿ ಸರಳ ಮಾದರಿಯ ಪ್ರಕಾರ, ಒಬ್ಬನು ಶೇ 80ರಷ್ಟು ಹೊತ್ತು ದುಡಿಮೆಯಲ್ಲಿದ್ದರೆ ಹೊಸ ಕೆಲಸವೊಂದು ತನಗೆ ತಗಲುವ ಸರಾಸರಿ ಸಮಯದ ನಾಲ್ಕು ಪಟ್ಟು ಕಾಯುತ್ತದೆ. ಶೇ 90ಕ್ಕೆ ಒಂಬತ್ತು ಪಟ್ಟು. ಶೇ 95ಕ್ಕೆ 19. 2001ರಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್‌ನಲ್ಲಿ ಸೇರಿದ್ದ 17 ಮಂದಿ ಸಾಫ್ಟ್‌ವೇರ್ ಕೆಲಸದ ರೀತಿಯ ಬಗ್ಗೆ ಬರೆದ ಅಜೈಲ್ ಪ್ರಣಾಳಿಕೆ ಕೂಡ, ಎಷ್ಟು ಕಾಲವಾದರೂ ಕಾಯ್ದುಕೊಳ್ಳಬಲ್ಲ ವೇಗವನ್ನೇ ಕೇಳಿತ್ತು. ಆದ್ದರಿಂದ 45ರಲ್ಲಿ 36 ತುಂಬಿ, ಒಂಬತ್ತನ್ನು ಬಿಡಿ.

ವಿರೋಧ

ಅದೇ ತಂಡದಲ್ಲಿ ನಾನೂ ಇದ್ದೇನೆ. ಒಂಬತ್ತು ದಿನ ಬಿಡಬಹುದು, ಆದರೆ ಬಿಟ್ಟ ಜಾಗ ಖಾಲಿ ಉಳಿದದ್ದನ್ನು ನಾನು ಕಂಡಿಲ್ಲ. ಟವೆಲ್ ಹಾಕದ ಬಸ್ ಸೀಟಿನಲ್ಲಿ ಮೊದಲು ನುಗ್ಗಿದವರು ಕೂರುತ್ತಾರೆ. ಇಲ್ಲಿ ನುಗ್ಗುವುದು ಪಾವತಿ ಪುಟವಲ್ಲ, ದೊಡ್ಡ ಗಂಟಲಿನ ಯಾರದೋ ‘ಚಿಕ್ಕದೊಂದು ಬದಲಾವಣೆ’.

ಅಂದಾಜು ಹೇಳುವಾಗ ಐದು ಪಾಯಿಂಟ್‌ನ (ಕೆಲಸದ ಗಾತ್ರದ ಅಳತೆ) ಕೆಲಸಕ್ಕೆ ಎಂಟು ಎನ್ನುವುದು ನಮ್ಮಲ್ಲಿ ಹಳೆಯ ಚಾಳಿ (ನಾನೂ ಮಾಡಿದ್ದೇನೆ). ಅಲ್ಲೊಂದು ಬಚ್ಚಿಟ್ಟ ಜಾಗ, ಇಲ್ಲೊಂದು ಬಹಿರಂಗ ಜಾಗ ಎಂದಾದರೆ ತಂಡದ ನಿಜವಾದ ಕಸುವು ಎಷ್ಟೆಂದು ಯಾರಿಗೂ ತಿಳಿಯದು. ಇನ್ನು ಹಠಾತ್ ಕೆಲಸ ನಮಗೆ ಒಮ್ಮೆ ಎರಡು ದಿನ ತಿಂದಿದೆ, ಒಮ್ಮೆ ಹದಿನಾಲ್ಕು. ಒಂಬತ್ತು ಎರಡಕ್ಕೂ ಹೊಂದುವುದಿಲ್ಲ.

ಆ ಗುರುವಾರ ಪಟ್ಟಿ ತುಂಬಿತ್ತು, ನಿಜ. ಆದರೆ ಅದರಿಂದ ಒಂದನ್ನು ಕೆಳಗಿಳಿಸಲು ಯಾರಿಗೂ ಬಾಯಿ ಬರಲಿಲ್ಲ. ಸ್ಪ್ರಿಂಟ್‌ಗಳಲ್ಲಿ ದುಡಿಯುವ ಪದ್ಧತಿಯಾದ ಸ್ಕ್ರಮ್‌ನ ಕೈಪಿಡಿಯೇ 2011ರಲ್ಲಿ ಸ್ಪ್ರಿಂಟ್‌ನ ಪಟ್ಟಿಯನ್ನು ಕೊಟ್ಟ ಮಾತು ಎನ್ನುವುದನ್ನು ಬಿಟ್ಟು ಮುನ್ನಂದಾಜು ಎಂದು ಕರೆಯಿತು. ನಾವು ಇನ್ನೂ ಅದನ್ನು ಆಣೆಯಂತೆ ಹೊತ್ತು ತಿರುಗುತ್ತೇವೆ. ಆ ಸೋಮವಾರ ರಾತ್ರಿ ಪರೀಕ್ಷಕಿಯ ಮುಂದೆ ಇದ್ದದ್ದು ವರದಿ ಪುಟದ ಬಣ್ಣದ ಬದಲಾವಣೆ. ಅದನ್ನು ಕೇಳಿದ ಗ್ರಾಹಕರು ಪುಟ ತೆರೆದು ನೋಡಿದ್ದು ಮೂರು ವಾರದ ಮೇಲೆ.