ಮೂರು ವರ್ಷ ತಾನೆ, ಬಿಡಿ

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ, ಬರೆದ್ಬಿಡ್ತೀನಿ. ನನ್ನ ಕೆಲಸ ನಿಮಗೆ ಗೊತ್ತಲ್ಲ, ಅಂಗಡಿಯವರ ಜಿಎಸ್‌ಟಿ ರಿಟರ್ನ್ ತುಂಬೋದು. ಇವತ್ತು ಬೇಕರಿಯವರೊಬ್ರು ಬಂದಿದ್ರು. ಹೆಂಡ್ತಿ ಆಸ್ಪತ್ರೆಲಿದ್ರು ಅಂತ ರಿಟರ್ನ್ 40 ದಿನ ತಡವಾಗಿತ್ತು. ದಿನಕ್ಕೆ 50 ರೂಪಾಯಿ ಲೇಟ್ ಫೀ, 2000 ರೂಪಾಯಿ. "ಸಾರ್, ಏನಾದ್ರೂ ಕಮ್ಮಿ ಮಾಡ್ಸಕ್ಕಾಗಲ್ವಾ" ಅಂದ್ರು. ಆಗಲ್ಲ ಅಂದೆ. ಆ ಕಂಪ್ಯೂಟರ್ ಯಾರ ಕಷ್ಟಾನೂ ಕೇಳಲ್ಲ.

ಪಕ್ಕದ ಕುರ್ಚಿಲಿ ಇನ್ನೊಬ್ರು ಕೂತಿದ್ರು, 2023ರಲ್ಲಿ ಅಸೆಂಬ್ಲಿಗೆ ನಿಂತಿದ್ದವರು. ಅವರು ನಕ್ಕು, "ನಾನು ಎಲೆಕ್ಷನ್ ಖರ್ಚಿನ ಲೆಕ್ಕಾನೇ ಕೊಡ್ಲಿಲ್ಲ ಕಣ್ರೀ, 2024ರಲ್ಲಿ ಆರ್ಡರ್ ಬಂತು, ಮೂರು ವರ್ಷ ನಿಲ್ಲಂಗಿಲ್ಲ ಅಂತೆ. ಮೂರು ವರ್ಷ ತಾನೆ, ಬಿಡಿ, 2028ಕ್ಕೆ ಎಲ್ಲಾ ಮುಗ್ದಿರುತ್ತೆ" ಅಂದ್ರು. ಬೇಕರಿಯವರು ತಲೆ ತಗ್ಗಿಸ್ಕೊಂಡು ಫೋನಲ್ಲಿ ದುಡ್ಡು ಕಟ್ತಿದ್ರು. ನಂಗೆ ಮೈಯೆಲ್ಲಾ ಉರಿದುಹೋಯ್ತು.

ಕಾನೂನು ಇರೋದೇ ಹಾಗೆ. ಜನಪ್ರತಿನಿಧಿ ಕಾಯ್ದೆ 1951ರ ಪ್ರಕಾರ ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡ್ಬೇಕು, ಗೆದ್ದೋರು ಸೋತೋರು ಎಲ್ರೂ. ಕೊಡ್ಲಿಲ್ಲ, ಸರಿಯಾದ ಕಾರಣಾನೂ ಇಲ್ಲ ಅಂದ್ರೆ 10ಎ ಸೆಕ್ಷನ್ ಪ್ರಕಾರ ಚುನಾವಣಾ ಆಯೋಗ ಅನರ್ಹ ಮಾಡುತ್ತೆ, ಆರ್ಡರ್ ಆದ ದಿನದಿಂದ ಮೂರು ವರ್ಷ. ಆದ್ರೆ ನಮ್ಮಲ್ಲಿ ಎಲೆಕ್ಷನ್ ಬರೋದು ಐದು ವರ್ಷಕ್ಕೊಂದ್ಸಲ! ಆರ್ಡರ್ ಬೇಗ ಬಂದ್ರೆ ಎರಡು ಎಲೆಕ್ಷನ್ ಮಧ್ಯದಲ್ಲೇ ಶಿಕ್ಷೆ ಮುಗ್ದುಹೋಗುತ್ತೆ, ಅವ್ರು ಬಯಸಿದ ಸೀಟಿಗೆ ಏನೂ ತಾಕಲ್ಲ. ಅದೇ ಆರ್ಡರ್ ಎರಡು ವರ್ಷ ದಾಟಿ, 2025ರ ಕೊನೇಲಿ ಬಂದಿದ್ರೆ 2028ಕ್ಕೆ ನಿಲ್ಲಕ್ಕಾಗ್ತಿರಲಿಲ್ಲ. ತಪ್ಪು ಒಂದೇ, ಒಬ್ಬನಿಗೆ ಶಿಕ್ಷೆ, ಇನ್ನೊಬ್ಬನಿಗೆ ರಜೆ, ಎಲ್ಲಾ ಫೈಲ್ ಯಾವಾಗ ಮುಂದಕ್ಕೆ ಹೋಯ್ತು ಅನ್ನೋದ್ರ ಮೇಲೆ. ಇದ್ಯಾವ ನ್ಯಾಯ?

ತಪ್ಪು ಲೆಕ್ಕ ಕೊಟ್ಟವರಿಗೂ ಇದೇ ಸೆಕ್ಷನ್. ಜಾರ್ಖಂಡ್‌ನ ಮಾಜಿ ಮುಖ್ಯಮಂತ್ರಿ ಮಧು ಕೋಡಾ 2009ರ ಲೋಕಸಭಾ ಎಲೆಕ್ಷನ್ ಲೆಕ್ಕ ಸರಿಯಾಗಿ ಕೊಡ್ಲಿಲ್ಲ ಅಂತ ಅನರ್ಹರಾಗಿದ್ದು 2017ರಲ್ಲಿ. ಎಂಟು ವರ್ಷ! ಉತ್ತರಪ್ರದೇಶದ ಉಮ್ಲೇಶ್ ಯಾದವ್ ಪೇಯ್ಡ್ ನ್ಯೂಸ್ (ದುಡ್ಡು ಕೊಟ್ಟು ಸುದ್ದಿ ಥರ ಹಾಕಿಸೋ ಪ್ರಚಾರ) ಖರ್ಚು ತೋರಿಸ್ಲಿಲ್ಲ ಅಂತ ಅನರ್ಹರಾದ್ರು, ಗೆದ್ದಿದ್ದು 2007ರಲ್ಲಿ, ಆರ್ಡರ್ ಬಂದಿದ್ದು 2011ರಲ್ಲಿ, ಅಷ್ಟೊತ್ತಿಗೆ ಎಂಎಲ್ಎ ಅವಧಿನೇ ಮುಗೀತಾ ಬಂದಿತ್ತು.

ಲೆಕ್ಕ ಕೊಡದವರಲ್ಲಿ ಎಷ್ಟೋ ಜನ ಬಡ ಪಕ್ಷೇತರರು, ಪಾಪ ಅವರಿಗೆ ಗೊತ್ತಾಗಲ್ಲ ಅಂತ ಯಾರಾದ್ರೂ ಕಾಮೆಂಟ್ ಹಾಕ್ತೀರ, ಗೊತ್ತು. ನಾಮಪತ್ರ ಹಾಕಿದಾಗಲೇ ಖರ್ಚಿನ ರಿಜಿಸ್ಟರ್ ಕೈಗೆ ಕೊಡ್ತಾರೆ, ದಿನದ ಖರ್ಚಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ, ಅದಕ್ಕೇ ಅಂತ ಬೇರೆ ಬ್ಯಾಂಕ್ ಅಕೌಂಟ್ ತೆಗೆಸ್ತಾರೆ, ಪ್ರಚಾರದ ಟೈಮಲ್ಲಿ ಮೂರು ಸಲ ಕರೆದು ನೋಡ್ತಾರೆ. ಕಮ್ಮಿ ಖರ್ಚು ಮಾಡಿದ್ರೆ ಬರೆಯೋದೂ ಕಮ್ಮಿ. ನಿಜವಾಗ್ಲೂ ಕಷ್ಟ ಇತ್ತು ಅಂದ್ರೆ ಕಾರಣ ಹೇಳಕ್ಕೂ ಕಾನೂನಲ್ಲಿ ಜಾಗ ಇದೆ. ಬೇಕರಿಯವರ ಹೆಂಡ್ತಿ ಆಸ್ಪತ್ರೆಲಿದ್ದಿದ್ದಕ್ಕೆ ಅಂಥ ಜಾಗ ಎಲ್ಲಿತ್ತು?

ಇನ್ನೊಂದು ವಿಷಯ, ಇಲ್ಲಿವರೆಗೂ ಯಾರಿಗೂ ಹೇಳಿಲ್ಲ. 2018ರಲ್ಲಿ ಒಬ್ಬ ಅಭ್ಯರ್ಥಿಗೆ ನಾನೇ ಲೆಕ್ಕ ಬರ್ಕೊಟ್ಟಿದ್ದೆ. ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ ಆಗ 28 ಲಕ್ಷ (ಈಗ 40). ಶಾಮಿಯಾನ, ಊಟ, ಗಾಡಿ ಎಲ್ಲಾದಕ್ಕೂ ಬಿಲ್ ಕಮ್ಮಿ ಮಾಡ್ಸಿ ಮಿತಿಯೊಳಗೆ ಕೂರಿಸಿದೆ, ದುಡ್ಡೂ ತಗೊಂಡೆ. ಖರ್ಚಾಗಿದ್ದು ಎಷ್ಟು ಅಂತ ನನ್ನ ಕಣ್ಣಾರೆ ನೋಡಿದೀನಿ. ಲೆಕ್ಕ ಸುಳ್ಳಾ ನಿಜಾನಾ ಅಂತ ನೋಡೋ ಅಧಿಕಾರ ಆಯೋಗಕ್ಕಿದೆ ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿತ್ತು, ಅದೂ ನಮ್ಮ ನಾಗಮಂಗಲದ ಎಲ್.ಆರ್. ಶಿವರಾಮೇಗೌಡರ ಕೇಸಲ್ಲಿ. ನಂಗೆ ಅದೂ ಗೊತ್ತಿತ್ತು, ಆದ್ರೂ ಬರ್ದೆ, ಸಿಕ್ಕಿಬಿದ್ರೂ ಮೂರು ವರ್ಷ ತಾನೆ ಅಂತ ಅವತ್ತು ನಾವೂ ಮಾತಾಡ್ಕೊಂಡಿದ್ವಿ. ಇವತ್ತು ಅದೇ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಹೊಟ್ಟೆ ತೊಳಸ್ದಂಗಾಯ್ತು.

ನಂಗನ್ಸೋದು ಇಷ್ಟೆ, ವರ್ಷದ ಲೆಕ್ಕ ಬಿಟ್ಟು ಎಲೆಕ್ಷನ್ ಲೆಕ್ಕ ಹಿಡೀಲಿ. ಯಾವ ಸದನಕ್ಕೆ ನಿಂತು ಲೆಕ್ಕ ಕೊಡ್ಲಿಲ್ವೋ ಆ ಸದನದ ಮುಂದಿನ ಎಲೆಕ್ಷನ್‌ಗೆ ನಿಲ್ಲಬಾರ್ದು, ಆರ್ಡರ್ ಯಾವತ್ತೇ ಬರ್ಲಿ. ಅಸೆಂಬ್ಲಿಗೆ ಕಟ್ಟೋ 10,000 ರೂಪಾಯಿ ಠೇವಣಿನೂ ಲೆಕ್ಕ ಒಪ್ಸೋವರೆಗೂ ವಾಪಸ್ ಕೊಡಬಾರ್ದು. ಆಯೋಗಾನೂ ಎಂಟೆಂಟು ವರ್ಷ ಕೂರೋದು ಬಿಟ್ಟು ಆರು ತಿಂಗಳಲ್ಲಿ ತೀರ್ಮಾನ ಮಾಡ್ಲಿ.

ಆ ಮನುಷ್ಯ ಎದ್ದು ಹೋಗೋವಾಗ ಬಾಗಿಲಲ್ಲಿ ನಿಂತು, "2028ಕ್ಕೆ ಲೆಕ್ಕ ಪಕ್ಕಾ ಕೊಡೋಣ, ನೀವೇ ಬರ್ಕೊಡ್ಬೇಕು" ಅಂದ್ರು. ಬೇರೆಯವರನ್ನ ನೋಡ್ಕೊಳಿ ಅಂದೆ. ಅವರಿಗೆ ಬೇಜಾರಾಯ್ತು, ಆಗ್ಲಿ.