ತೋಟ ಕನ್ನಡಿಯಂತಿರಬೇಕೆಂಬ ಹಟ

ನಮ್ಮ ತಿಪಟೂರು ಸೀಮೆಯಲ್ಲಿ ತೆಂಗಿನ ತೋಟದ ನೆಲ ನೋಡಿ ರೈತನ ಯೋಗ್ಯತೆ ಅಳೆಯುವ ರೂಢಿ ಇನ್ನೂ ಹೋಗಿಲ್ಲ. ಒಂದು ಹುಲ್ಲುಕಡ್ಡಿಯೂ ಉಳಿಯದಂತೆ ಉತ್ತು ಹರಗಿದ ಕೆಂಪು ನೆಲ ಆಚೆ ಬದುವಿನ ತನಕ ಕಾಣುತ್ತಿದ್ದರೆ ಆತ ಗಟ್ಟಿ ಬೇಸಾಯಗಾರ. ಸೊಂಟದೆತ್ತರ ಹಸಿರು ನಿಂತಿದ್ದರೆ ಸೋಮಾರಿ. ಐದು ವರ್ಷಗಳ ಹಿಂದೆ ನಾನು ಮೊದಲ ಸಲ ತೋಟದ ತುಂಬ ಸೆಣಬು ಚೆಲ್ಲಿದಾಗ ನೆರೆ ತೋಟದ ಹಿರಿಯರೊಬ್ಬರು ಬೇಲಿಯಾಚೆ ನಿಂತು, "ಏನಪ್ಪಾ, ನಿಮ್ಮಪ್ಪ ಇದ್ದಾಗ ತೋಟ ಕನ್ನಡಿ ಇದ್ದಂಗಿತ್ತು, ಹಿಂಗ್ಯಾಕೆ ಬೀಳು ಬಿಟ್ಟಿದ್ದೀಯಾ?" ಎಂದು ಕೇಳಿದ್ದರು. ಹೀಗೆ ನೆಲ ಬರಿದಾಗದಂತೆ ಮುಚ್ಚಿಡಲೆಂದೇ ಬೆಳೆಸುವ ಹೊದಿಕೆ ಬೆಳೆ ನಮ್ಮಲ್ಲಿ ಹಬ್ಬದಿರುವುದಕ್ಕೆ ಬೀಜದ ಕೊರತೆ, ಮಾಹಿತಿಯ ಕೊರತೆ ಎಂದೆಲ್ಲ ಕಾರಣ ಕೊಡುತ್ತಾರೆ. ನನಗೆ ಕಂಡಂತೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಈ ಪ್ರಶ್ನೆ ತರುವ ಮುಜುಗರ.

ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಎನ್ನುತ್ತೇವೆ. ಆದರೆ ಆ ಮಳೆ ಬೀಳುವ ಹೊತ್ತಿಗೆ ನಮ್ಮ ನೆಲದ ಮೈಮೇಲೆ ಏನೂ ಇರುವುದಿಲ್ಲ. ದಪ್ಪ ಹನಿ ನೇರವಾಗಿ ಬಡಿದಾಗ ಕೆಂಪು ಮಣ್ಣಿನ ಹರಳುಗಳು ಒಡೆದು, ನುಣ್ಣನೆಯ ಕಣಗಳು ರಂಧ್ರಗಳನ್ನು ಮುಚ್ಚಿ, ಬಿಸಿಲು ಬಿದ್ದೊಡನೆ ಮೇಲ್ಪದರ ಹಪ್ಪಳದಂತೆ ಗಟ್ಟಿಕಟ್ಟುತ್ತದೆ. ಮುಂದಿನ ಮಳೆಯ ನೀರು ಇಂಗುವ ಬದಲು ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ. ಗಟ್ಟಿಯಾಯಿತೆಂದು ನಾವು ಮತ್ತೆ ಉಳುತ್ತೇವೆ, ನೇಗಿಲಿಗೆ ಸಿಕ್ಕ ತೆಂಗಿನ ಬೇರುಗಳು ಹರಿಯುತ್ತವೆ, ಸಡಿಲವಾದ ಮಣ್ಣು ಇನ್ನಷ್ಟು ಸುಲಭವಾಗಿ ಕೊಚ್ಚಿಹೋಗುತ್ತದೆ. ಸಾವಿರ ಅಡಿ ಆಳದ ಬೋರ್‌ವೆಲ್‌ಗೆ ಸಾಲ ಮಾಡುವವರು ತಮ್ಮದೇ ತೋಟದಲ್ಲಿ ಬಿದ್ದ ನೀರನ್ನು ಹೀಗೆ ಹೊರಗೆ ಕಳಿಸುವುದು ನನಗೆ ಅರ್ಥವಾಗದ ಲೆಕ್ಕಾಚಾರ.

ಹೊದಿಕೆ ಬೆಳೆ ಎಂಬ ಹೆಸರು ಹೊಸದಿರಬಹುದು, ಕೆಲಸ ಹಳೆಯದು. ರಾಗಿ ಹೊಲದ ನಡುನಡುವೆ ಬೇರೆ ಬೆಳೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆ ಇರುತ್ತಿದ್ದವು. ರಾಗಿ ಕೊಯ್ದ ಮೇಲೂ ಅವರೆ ಬಳ್ಳಿ ಇಬ್ಬನಿ ಕುಡಿದುಕೊಂಡು ಸಂಕ್ರಾಂತಿಯವರೆಗೆ ನೆಲ ಮುಚ್ಚಿಕೊಂಡಿರುತ್ತಿತ್ತು. ದಕ್ಷಿಣ ಕನ್ನಡದ ರಬ್ಬರ್ ತೋಟಗಳಲ್ಲಂತೂ ಪ್ಯುರೇರಿಯಾ ಮತ್ತು ಮ್ಯುಕುನಾ ಬಳ್ಳಿಗಳನ್ನು ಎಳೆಯ ಗಿಡಗಳ ನಡುವೆ ಹಬ್ಬಿಸುವುದು ಮಾಮೂಲು ಸಂಗತಿ. ಬಯಲುಸೀಮೆಯ ತೆಂಗಿನವರು ಮಾತ್ರ ಹೊಲದಲ್ಲಿ ಕಲಿತದ್ದನ್ನು ತೋಟಕ್ಕೆ ತರಲಿಲ್ಲ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಸೆಣಬನ್ನು ಬಿತ್ತಿದ 45ರಿಂದ 60 ದಿನಗಳೊಳಗೆ, ಹೂವು ಕಾಣಿಸಿಕೊಳ್ಳುವ ಹೊತ್ತಿಗೆ, ಮಣ್ಣಿಗೆ ಸೇರಿಸಬೇಕು. ಮದುವೆ, ಊರಹಬ್ಬ ಎಂದು ತಿರುಗಾಡುತ್ತ ನಾನು ಮೂರು ತಿಂಗಳು ಬಿಟ್ಟೆ. ಸೆಣಬು ಮೂಲತಃ ನಾರಿನ ಬೆಳೆ, ನಮ್ಮ ತಾತ ಅದರಿಂದಲೇ ಹಗ್ಗ ಹೊಸೆಯುತ್ತಿದ್ದರು ಎಂಬುದು ನೆನಪಾದದ್ದು, ಮಣ್ಣು ಕೊಚ್ಚಿ ಮಗುಚುವ ರೋಟವೇಟರಿನ ಕತ್ತಿಗಳಿಗೆ ನಾರು ಸುತ್ತಿಕೊಂಡು ಟ್ರ್ಯಾಕ್ಟರ್ ನಿಂತ ಮೇಲೆ. ಅರ್ಧ ದಿನ ಕುಡುಗೋಲು ಹಿಡಿದು ಬಿಡಿಸಿದೆವು. ಬಲಿತ ಕಾಂಡದಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಸ್ವಲ್ಪ ಕಾಲ ತಮ್ಮಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಎಳೆಯ ಗಿಡವಾದರೆ ಕೆಲವೇ ವಾರಗಳಲ್ಲಿ ಕರಗಿ, ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯಿಂದ ಹಿಡಿದುಕೊಟ್ಟ ಸಾರಜನಕವನ್ನು ಮರಕ್ಕೆ ಬಿಟ್ಟುಕೊಡುತ್ತದೆ. ಗಿಡ ಕಿತ್ತು ಗಂಟನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆದಿದೆ.

ಇನ್ನು ಇದನ್ನು ಮಾಯಾಮಂತ್ರವೆಂಬಂತೆ ಹೊಗಳುವವರ ಜೊತೆಗೂ ನನಗೆ ತಕರಾರಿದೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆಯಿದ್ದರೆ ಕೊರತೆ, 0.75ಕ್ಕಿಂತ ಹೆಚ್ಚಿದ್ದರೆ ಉತ್ತಮ ಎಂದು ಎಣಿಸುತ್ತಾರೆ. ನಮ್ಮ ಬಿಸಿಲಿಗೆ ಹಸಿರೆಲೆ ಬಹಳ ಬೇಗ ಕರಗಿಹೋಗುವುದರಿಂದ, ಒಂದು ವರ್ಷ ಸೆಣಬು ಮುಗುಚಿದ ಮಾತ್ರಕ್ಕೆ ಆ ಅಂಕಿ ಮೇಲೇರುವುದಿಲ್ಲ. ನನ್ನ ತೋಟದಲ್ಲಿಯೂ ಏರಲಿಲ್ಲ. ಮಳೆ ಕೈಕೊಟ್ಟ ವರ್ಷ ಹೊದಿಕೆ ಬೆಳೆಯೇ ಮರದ ನೀರಿಗೆ ಪಾಲುದಾರನಾಗುತ್ತದೆ. ಅಂಥಾಗ ಎತ್ತರ ಎಷ್ಟೇ ಇರಲಿ, ಕೊಚ್ಚಿ ನೆಲದ ಮೇಲೆ ಹಾಸಿಬಿಡುವುದೇ ಸರಿ. ಹಾವಿನ ಭಯವೂ ಸುಳ್ಳಲ್ಲ. ಕಾಯಿ ಆಯುವ ಹೆಣ್ಣುಮಕ್ಕಳು ಅದನ್ನು ಹೇಳಿದಾಗ ನಗುವುದು ಬಿಟ್ಟು, ಮರದ ಬುಡ ಮತ್ತು ಓಡಾಡುವ ದಾರಿಗಳನ್ನು ತೆರವಾಗಿಡಬೇಕು.

ಈಗ ನಾನು ರೋಟವೇಟರ್ ಇಳಿಸುವುದಿಲ್ಲ. ಮುಂಗಾರಿಗೆ ಸೆಣಬು ಮತ್ತು ಅಲಸಂದೆ ಬೆರೆಸಿ ಚೆಲ್ಲಿ, ಹೂವಿಗೆ ಬಂದಾಗ ಬ್ರಷ್ ಕಟರ್‌ನಿಂದ ಸವರಿ ಅಲ್ಲೇ ಬಿಡುತ್ತೇನೆ. ಉತ್ತರೆ ಮಳೆಗೆ ಹುರುಳಿ. ಒಣಗರಿ, ಮಟ್ಟೆ, ಸಿಪ್ಪೆ ಯಾವುದನ್ನೂ ಸುಡುವುದಿಲ್ಲ. ಇಳುವರಿ ದುಪ್ಪಟ್ಟಾಯಿತು ಎಂದು ಬರೆದರೆ ಸುಳ್ಳಾದೀತು; ಬೇಸಿಗೆಯಲ್ಲಿ ನೀರು ಹಾಯಿಸುವ ಅಂತರ ಮಾತ್ರ ಖಂಡಿತ ಹೆಚ್ಚಿದೆ, ಜೋರು ಮಳೆಯಲ್ಲೂ ಬದುವಿನ ತೂಬಿನಿಂದ ಹೊರಬೀಳುವ ನೀರು ಮೊದಲಿನಂತೆ ಕೆಂಪಗಿರುವುದಿಲ್ಲ.

ಬೀಜಕ್ಕೆ ಪ್ರತಿವರ್ಷ ಅಲೆಯುವುದು ಬೇಸರವಾಗಿ ಈ ಸಲ ಬೇಲಿಯ ಪಕ್ಕದ ಒಂದು ಪಟ್ಟಿಯ ಸೆಣಬನ್ನು ಸವರದೆ ಬಿಟ್ಟಿದ್ದೇನೆ. ಕಾಯಿ ಬಲಿತು, ಅಲುಗಾಡಿಸಿದರೆ ಗೆಜ್ಜೆಯಂತೆ ಗಲಗಲ ಎನ್ನುವಾಗ ಕೊಯ್ಯಬೇಕು. ಬೇಕಾದವರು ಹೇಳಿ, ತೆಗೆದಿಡುತ್ತೇನೆ.